ಪಠ್ಯಪುಸ್ತಕದ ತೋಳು, ರೋಗಿಯ ತೋಳು

ಒಬ್ಬರ ಮುಖದಂತೆ ಇನ್ನೊಬ್ಬರ ಮುಖವಿರುವುದಿಲ್ಲವೆಂಬುದನ್ನು ಎಲ್ಲರೂ ಬಲ್ಲರು. ಒಂದೇ ತಾಯಿಯ ಮಕ್ಕಳಲ್ಲಿಯೂ ಮೂಗು, ಹುಬ್ಬು, ಕಿವಿಗಳ ಆಕಾರ ಭಿನ್ನವಾಗಿರುವುದನ್ನು ಕಂಡು ಯಾರೂ ಆಶ್ಚರ್ಯಪಡುವುದಿಲ್ಲ. ಆದರೆ ಚರ್ಮದ ಒಳಗಿನ ವಿಷಯ ಬಂದಾಗ ಮಾತ್ರ ನಮ್ಮ ಭಾವನೆ ಬೇರೆಯಾಗಿಬಿಡುತ್ತದೆ. ಒಳಗಿನ ಎಲುಬು, ಸ್ನಾಯು, ನರ, ರಕ್ತನಾಳಗಳೆಲ್ಲವೂ ಒಂದೇ ಅಚ್ಚಿನಲ್ಲಿ ಎರಕ ಹೊಯ್ದಂತೆ ಎಲ್ಲರಲ್ಲಿಯೂ ಒಂದೇ ರೀತಿಯಾಗಿರುತ್ತವೆಂದು ನಾವು ನಂಬಿರುತ್ತೇವೆ. ತರಗತಿಯ ಗೋಡೆಗೆ ತೂಗುಹಾಕಿದ ಪಟವೂ ಪುಸ್ತಕದ ಬಣ್ಣದ ಚಿತ್ರವೂ ಈ ನಂಬಿಕೆಯನ್ನು ಗಟ್ಟಿಮಾಡುತ್ತವೆ. ಚಿತ್ರದಲ್ಲಿ ನರ ಹಳದಿ, ಅಪಧಮನಿ ಕೆಂಪು, ಸಿರೆ ನೀಲಿ. ಪ್ರತಿಯೊಂದೂ ತನಗೆ ಗೊತ್ತುಮಾಡಿದ ಸ್ಥಳದಲ್ಲಿ ಅಚ್ಚುಕಟ್ಟಾಗಿ ಕುಳಿತಿರುತ್ತದೆ. ಈ ನಂಬಿಕೆ ಸರಿಯಲ್ಲವೆಂಬುದನ್ನೂ, ಅದರ ಬೆಲೆಯನ್ನು ಕೆಲವೊಮ್ಮೆ ಶಸ್ತ್ರಚಿಕಿತ್ಸೆಯ ಮೇಜಿನ ಮೇಲೆ ಮಲಗಿದ ರೋಗಿಯೇ ತೆರಬೇಕಾಗುತ್ತದೆಂಬುದನ್ನೂ ತೋಳಿನ ನರಗಳ ಉದಾಹರಣೆಯಿಂದ ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಮೊದಲು ಒಂದು ಸಣ್ಣ ಪರೀಕ್ಷೆ. ಅಂಗೈಯನ್ನು ಮೇಲ್ಮುಖ ಮಾಡಿ, ಹೆಬ್ಬೆರಳಿನ ತುದಿಯನ್ನು ಕಿರುಬೆರಳಿನ ತುದಿಗೆ ತಾಗಿಸಿ, ಮಣಿಕಟ್ಟನ್ನು ಸ್ವಲ್ಪ ಒಳಕ್ಕೆ ಬಾಗಿಸಿರಿ. ಬಹು ಮಂದಿಗೆ ಮಣಿಕಟ್ಟಿನ ನಡುವೆ ತೆಳುವಾದ ಸ್ನಾಯುರಜ್ಜುವೊಂದು ಹುರಿಯಂತೆ ಎದ್ದು ಕಾಣುತ್ತದೆ. ಅದು ಪಾಲ್ಮಾರಿಸ್ ಲಾಂಗಸ್ ಎಂಬ ಸ್ನಾಯುವಿಗೆ ಸೇರಿದುದು. ತರಗತಿಯಲ್ಲಿ ಐವತ್ತು ಮಂದಿ ಇದ್ದರೆ ಕೆಲವರಿಗೆ ಅದು ಕಾಣುವುದೇ ಇಲ್ಲ. ಇನ್ನು ಕೆಲವರಿಗೆ ಒಂದು ಕೈಯಲ್ಲಿ ಕಂಡು ಇನ್ನೊಂದು ಕೈಯಲ್ಲಿ ಕಾಣುವುದಿಲ್ಲ. ಈ ಸ್ನಾಯು ಇಲ್ಲದವರ ಪ್ರಮಾಣವನ್ನು ಪಠ್ಯಪುಸ್ತಕಗಳು ಸಾಮಾನ್ಯವಾಗಿ ನೂರಕ್ಕೆ ಹದಿನೈದರ ಆಸುಪಾಸಿನಲ್ಲಿ ಹೇಳುತ್ತವೆ. ಜನಾಂಗದಿಂದ ಜನಾಂಗಕ್ಕೆ ಇದು ಬಹಳ ವ್ಯತ್ಯಾಸವಾಗುತ್ತದೆ. ಸ್ನಾಯುವಿಲ್ಲದವರು ಬರೆಯುವುದರಲ್ಲಾಗಲಿ, ಬಿಂದಿಗೆ ಎತ್ತುವುದರಲ್ಲಾಗಲಿ ಇತರರಿಗಿಂತ ಹಿಂದೆ ಬೀಳುವುದಿಲ್ಲ. ತಮಗೆ ಅದಿಲ್ಲವೆಂಬುದು ಅವರಿಗೆ ತಿಳಿದೇ ಇರುವುದಿಲ್ಲ. ಹೊರಗಿನಿಂದಲೇ ಕಾಣುವ ಒಂದು ರಜ್ಜುವಿನ ಸ್ಥಿತಿ ಹೀಗಿರುವಾಗ, ಕಣ್ಣಿಗೆ ಬೀಳದೆ ಆಳದಲ್ಲಿ ಹರಿಯುವ ನರಗಳಲ್ಲಿ ಏಕರೂಪತೆಯನ್ನು ನಿರೀಕ್ಷಿಸುವುದು ಹೇಗೆ?

ತೋಳಿಗೆ ಬರುವ ನರಗಳ ವ್ಯವಸ್ಥೆಯನ್ನು ಪಠ್ಯಪುಸ್ತಕಗಳು ವರ್ಣಿಸುವ ಕ್ರಮ ಹೀಗಿದೆ. ಮಿದುಳುಬಳ್ಳಿಯಿಂದ ಹೊರಡುವ ನರಗಳಲ್ಲಿ ಕತ್ತಿನ ಐದು, ಆರು, ಏಳು, ಎಂಟನೆಯ ನರಗಳೂ ಎದೆಯ ಮೊದಲನೆಯ ನರವೂ ಸೇರಿ ಒಂದು ಜಾಲವಾಗುತ್ತವೆ. ವೈದ್ಯರು ಇದನ್ನು ಬ್ರೇಕಿಯಲ್ ಪ್ಲೆಕ್ಸಸ್ ಎನ್ನುತ್ತಾರೆ. ನಾವು ತೋಳಿನ ನರಜಾಲವೆನ್ನೋಣ. ಐದು ಬೇರುಗಳು ಕೂಡಿ ಮೂರು ಕಾಂಡಗಳಾಗುತ್ತವೆ. ಪ್ರತಿಯೊಂದು ಕಾಂಡವೂ ಕೊರಳೆಲುಬಿನ ಹಿಂದೆ ಎರಡಾಗಿ ಸೀಳಿ ಆರು ಕವಲುಗಳಾಗುತ್ತವೆ. ಈ ಆರೂ ಮತ್ತೆ ಕೂಡಿಕೊಂಡು ಮೂರು ಹುರಿಗಳಾಗಿ ಕಂಕುಳಿನಲ್ಲಿ ಅಪಧಮನಿಯನ್ನು ಸುತ್ತುವರಿಯುತ್ತವೆ. ಆ ಹುರಿಗಳಿಂದ ಕೊನೆಗೆ ಐದು ಮುಖ್ಯ ನರಗಳು ಹೊರಡುತ್ತವೆ. ಆಕ್ಸಿಲರಿ ನರ ಹೆಗಲಿನ ಸ್ನಾಯುವಿಗೆ ಹೋಗುತ್ತದೆ. ರೇಡಿಯಲ್ ನರ ಮೊಣಕೈಯನ್ನೂ ಮಣಿಕಟ್ಟನ್ನೂ ನೀಡುವ ಸ್ನಾಯುಗಳಿಗೆ ಹೋಗುತ್ತದೆ. ಮೀಡಿಯನ್ ನರ ಹೆಬ್ಬೆರಳು, ತೋರುಬೆರಳು, ನಡುಬೆರಳುಗಳ ಅಂಗೈಭಾಗಕ್ಕೆ ಸ್ಪರ್ಶಜ್ಞಾನವನ್ನು ಕೊಡುತ್ತದೆ. ಅಲ್ನಾರ್ ನರ ಕಿರುಬೆರಳನ್ನೂ ಉಂಗುರಬೆರಳಿನ ಅರ್ಧವನ್ನೂ ನೋಡಿಕೊಳ್ಳುತ್ತದೆ. ಐದನೆಯದು ಮಸ್ಕ್ಯುಲೊಕ್ಯುಟೇನಿಯಸ್ ನರ; ಹೆಸರು ಉದ್ದವಾದುದರಿಂದ ಅದರ ಅರ್ಥವನ್ನೇ ತೆಗೆದುಕೊಂಡು ಸ್ನಾಯುಚರ್ಮ ನರವೆಂದು ಕರೆಯೋಣ. ಅದು ಮೊಣಕೈಯನ್ನು ಮಡಿಸುವ ರಟ್ಟೆಯ ಸ್ನಾಯುಗಳಿಗೆ ಶಕ್ತಿಯನ್ನು ಕೊಟ್ಟು, ಮುಂದೋಳಿನ ಹೊರಮಗ್ಗುಲಿನ ಚರ್ಮದಲ್ಲಿ ಮುಗಿಯುತ್ತದೆ.

ಐದು, ಮೂರು, ಆರು, ಮೂರು, ಐದು: ಈ ಲೆಕ್ಕವನ್ನು ವೈದ್ಯಕೀಯ ವಿದ್ಯಾರ್ಥಿಗಳು ಮಗ್ಗಿಯಂತೆ ಬಾಯಿಪಾಠ ಮಾಡುತ್ತಾರೆ. ಮಾಡಲೇಬೇಕು. ಆದರೆ ಮಗ್ಗಿಗೂ ದೇಹಕ್ಕೂ ಒಂದು ಅಂತರವುಂಟು. ಎರಡೆರಡು ನಾಲ್ಕೆಂಬುದು ಎಲ್ಲ ಕಾಲಕ್ಕೂ ಎಲ್ಲ ಸ್ಥಳಕ್ಕೂ ಸತ್ಯ. ಐದು ಮೂರು ಆರೆಂಬುದು ಬಹು ಮಂದಿಯ ವಿಷಯದಲ್ಲಿ ಮಾತ್ರ ಸತ್ಯ. ಅಮೆರಿಕದ ಅಂಗರಚನಾಶಾಸ್ತ್ರಜ್ಞ ಕೆರ್ ಎಂಬಾತ ೧೯೧೮ರಷ್ಟು ಹಿಂದೆಯೇ ೧೭೫ ನರಜಾಲಗಳನ್ನು ಬಿಡಿಸಿ ನೋಡಿ, ಅವುಗಳ ರಚನೆಯಲ್ಲಿಯೂ ಕವಲುಗಳಲ್ಲಿಯೂ ಇರುವ ವೈವಿಧ್ಯವನ್ನು ದೀರ್ಘವಾಗಿ ವರ್ಣಿಸಿದ್ದಾನೆ. ಕೆಲವರಲ್ಲಿ ಕತ್ತಿನ ನಾಲ್ಕನೆಯ ನರವೂ ಜಾಲದೊಳಗೆ ದೊಡ್ಡ ಪಾಲನ್ನು ಸೇರಿಸುತ್ತದೆ. ಆಗ ಇಡೀ ಜಾಲವೇ ಒಂದು ಮೆಟ್ಟಿಲು ಮೇಲಕ್ಕೆ ಸರಿದಂತಾಗುತ್ತದೆ. ಇನ್ನು ಕೆಲವರಲ್ಲಿ ಎದೆಯ ಎರಡನೆಯ ನರ ಬಂದು ಸೇರಿ ಜಾಲ ಕೆಳಕ್ಕೆ ಸರಿದಿರುತ್ತದೆ. ಕತ್ತಿನಲ್ಲಿ ಸ್ಕೇಲೀನ್ ಎಂಬ ಎರಡು ಸ್ನಾಯುಗಳ ನಡುವಿನ ಸಂದಿಯಿಂದ ಬೇರುಗಳು ಹೊರಬರಬೇಕೆಂಬುದು ಪುಸ್ತಕದ ನಿಯಮ. ಆದರೆ ಮೇಲಿನ ಒಂದೆರಡು ಬೇರುಗಳು ಮುಂದಿನ ಸ್ನಾಯುವನ್ನು ತೂರಿಕೊಂಡು ಬರುವುದೂ, ಅದರ ಮುಂದುಗಡೆಯಿಂದಲೇ ಇಳಿಯುವುದೂ ಉಂಟು.

ಇವೆಲ್ಲಕ್ಕಿಂತ ಹೆಚ್ಚಾಗಿ ದಾರಿ ತಪ್ಪಿಸುವುದು ಸ್ನಾಯುಚರ್ಮ ನರ. ಅದು ಕಂಕುಳಿನ ಮೇಲ್ಭಾಗದಲ್ಲಿಯೇ ಉಳಿದ ನರಗಳ ಸಂಗವನ್ನು ಬಿಟ್ಟು, ಕೊರಾಕೊಬ್ರೇಕಿಯಾಲಿಸ್ ಎಂಬ ಸ್ನಾಯುವನ್ನು ಭೇದಿಸಿಕೊಂಡು ರಟ್ಟೆಗೆ ಇಳಿಯುತ್ತದೆಂದು ಪುಸ್ತಕ ಹೇಳುತ್ತದೆ. ಕೆಲವರಲ್ಲಿ ಅದು ಆ ಸ್ನಾಯುವನ್ನು ಮುಟ್ಟುವುದೇ ಇಲ್ಲ. ಕೆಲವರಲ್ಲಿ ರಟ್ಟೆಯ ನಡುವೆ ಅದಕ್ಕೂ ಮೀಡಿಯನ್ ನರಕ್ಕೂ ಸೇತುವೆಯಂತೆ ಒಂದು ಎಳೆ ಇರುತ್ತದೆ. ನೂರು ತೋಳುಗಳಲ್ಲಿ ಹತ್ತಕ್ಕಿಂತ ಹೆಚ್ಚು ತೋಳುಗಳಲ್ಲಿ ಈ ಸೇತುವೆ ಕಂಡುಬಂದಿದೆಯೆಂದು ಅನೇಕ ಅಧ್ಯಯನಗಳು ತಿಳಿಸುತ್ತವೆ. ಇನ್ನೂ ಕೆಲವರಲ್ಲಿ ಸ್ನಾಯುಚರ್ಮ ನರವೆಂಬುದೇ ಇರುವುದಿಲ್ಲ. ಅದರ ಕೆಲಸವನ್ನೆಲ್ಲ ಮೀಡಿಯನ್ ನರವೇ ವಹಿಸಿಕೊಂಡಿರುತ್ತದೆ. ಮೊಣಕೈಯ ಕೆಳಗೂ ಇಂತಹ ಸೇತುವೆಗಳುಂಟು. ಮೀಡಿಯನ್ ನರದ ಕೆಲವು ಎಳೆಗಳು ಮುಂದೋಳಿನಲ್ಲಿ ದಾಟಿ ಅಲ್ನಾರ್ ನರವನ್ನು ಸೇರುವುದನ್ನು ಸ್ವೀಡನ್ನಿನ ಮಾರ್ಟಿನ್ ೧೭೬೩ರಲ್ಲಿಯೇ ಹೇಳಿದ್ದನು. ೧೮೭೦ರಲ್ಲಿ ಗ್ರೂಬರ್ ಅದನ್ನು ವಿಸ್ತಾರವಾಗಿ ವರ್ಣಿಸಿದನು. ಇಬ್ಬರ ಹೆಸರನ್ನೂ ಹೊತ್ತಿರುವ ಈ ಜೋಡಣೆ ಸುಮಾರಾಗಿ ಐದು ಮಂದಿಯಲ್ಲಿ ಒಬ್ಬರಿಗೆ ಇರುತ್ತದೆ. ಐವರಲ್ಲಿ ಒಬ್ಬರಿಗಿರುವುದನ್ನು ವಿರಳವೆನ್ನಲಾದೀತೆ?

ಇಲ್ಲಿ ಒಂದು ಚಿಕ್ಕ ಗಣಿತವನ್ನು ಮಾಡಿನೋಡಬಹುದು. ತೋಳಿನ ನರಮಾರ್ಗದಲ್ಲಿ ವ್ಯತ್ಯಾಸವಾಗಬಹುದಾದ ಹತ್ತು ಸ್ಥಳಗಳಿವೆಯೆಂದೂ, ಪ್ರತಿಯೊಂದು ಸ್ಥಳದಲ್ಲಿಯೂ ನೂರಕ್ಕೆ ತೊಂಬತ್ತು ಮಂದಿ ಪುಸ್ತಕದಂತೆಯೇ ಇರುವರೆಂದೂ, ಒಂದು ಸ್ಥಳದ ವ್ಯತ್ಯಾಸಕ್ಕೂ ಇನ್ನೊಂದರ ವ್ಯತ್ಯಾಸಕ್ಕೂ ಸಂಬಂಧವಿಲ್ಲವೆಂದೂ ಊಹಿಸೋಣ. ಹತ್ತೂ ಸ್ಥಳಗಳಲ್ಲಿ ಪುಸ್ತಕದಂತೆ ಇರುವವರೆಷ್ಟು? ೦.೯ನ್ನು ಹತ್ತು ಸಲ ತನ್ನಿಂದಲೇ ಗುಣಿಸಿದರೆ ಸುಮಾರು ೦.೩೫ ಬರುತ್ತದೆ. ಅಂದರೆ ನೂರಕ್ಕೆ ಮೂವತ್ತೈದು ಮಂದಿ ಮಾತ್ರ. ಈ ಅಂಕಿಗಳು ನಮ್ಮ ಊಹೆಯವು. ಆದರೆ ಅವು ತೋರಿಸುವ ತತ್ತ್ವ ಊಹೆಯದಲ್ಲ. ಬಿಡಿಬಿಡಿಯಾಗಿ ನೋಡಿದಾಗ ಬಹುಮತದಲ್ಲಿರುವ ಲಕ್ಷಣಗಳನ್ನೆಲ್ಲ ಒಂದೇ ಚಿತ್ರದಲ್ಲಿ ಕೂಡಿಸಿದರೆ, ಆ ಚಿತ್ರವನ್ನು ಪೂರ್ತಿಯಾಗಿ ಹೋಲುವ ಮನುಷ್ಯ ಅಲ್ಪಸಂಖ್ಯಾತನಾಗಿಬಿಡಬಹುದು.

ಇಷ್ಟೊಂದು ವ್ಯತ್ಯಾಸವಿದ್ದರೂ ತೋಳು ತನ್ನ ಕೆಲಸವನ್ನು ಸರಿಯಾಗಿ ಮಾಡುವುದು ಹೇಗೆ? ಇದಕ್ಕೆ ಉತ್ತರ ಗರ್ಭದಲ್ಲಿದೆ. ಪಿಂಡ ಬೆಳೆಯತೊಡಗಿದ ನಾಲ್ಕನೆಯ ವಾರದ ಕೊನೆಯ ಹೊತ್ತಿಗೆ ಅದರ ಮಗ್ಗುಲಿನಲ್ಲಿ ತೋಳಿನ ಮೊಗ್ಗು ಮೂಡುತ್ತದೆ. ಮುಂದಿನ ವಾರದಲ್ಲಿ ಮಿದುಳುಬಳ್ಳಿಯಿಂದ ಹೊರಟ ನರತಂತುಗಳು, ಸುತ್ತಣ ಕಣಗಳು ಒಸರುವ ರಾಸಾಯನಿಕ ಸಂಕೇತಗಳನ್ನು ಅನುಸರಿಸಿ, ಆ ಮೊಗ್ಗಿನೊಳಕ್ಕೆ ಬೆಳೆದುಕೊಂಡು ಹೋಗುತ್ತವೆ. ಪ್ರತಿಯೊಂದು ತಂತುವೂ ಸೇರಬೇಕಾದ ಗುರಿ ಬಹುಮಟ್ಟಿಗೆ ನಿಶ್ಚಿತವಾದುದು. ಅದು ಯಾವ ಕಟ್ಟಿನೊಡನೆ ಸೇರಿ, ಎಲ್ಲಿ ಅಗಲಿ ಹೋಗುತ್ತದೆಂಬುದು ಅಷ್ಟು ನಿಶ್ಚಿತವಲ್ಲ. ಸಂತೆಗೆ ಹೊರಟವರಲ್ಲಿ ಕೆಲವರು ಕೆರೆಯ ಏರಿಯ ಮೇಲೆ, ಕೆಲವರು ಹೊಲದ ಬದುವಿನ ಮೇಲೆ ನಡೆದರೂ ಎಲ್ಲರೂ ಸಂತೆಯನ್ನೇ ಸೇರುವಂತೆ, ರಟ್ಟೆಯ ಸ್ನಾಯುವಿಗೆ ಹೋಗಬೇಕಾದ ತಂತು ಸ್ನಾಯುಚರ್ಮ ನರದ ಜೊತೆಯಲ್ಲಿ ಹೋದರೂ ಮೀಡಿಯನ್ ನರದ ಜೊತೆಯಲ್ಲಿ ಹೋದರೂ ಅಲ್ಲಿಗೇ ಮುಟ್ಟುತ್ತದೆ. ಆದುದರಿಂದ ಈ ವ್ಯತ್ಯಾಸಗಳು ರೋಗಗಳಲ್ಲ. ಅವುಗಳನ್ನು ಹೊತ್ತವನು ನೂರು ವರ್ಷ ಬಾಳಿದರೂ ಅವನಿಗೆ ಅವುಗಳ ಸುಳಿವು ಸಿಕ್ಕದು.

ಸುಳಿವು ಸಿಕ್ಕುವುದು ಆ ದಾರಿಯಲ್ಲಿ ಯಾರಾದರೂ ತಡೆಗಟ್ಟು ಹಾಕಲು ಹೊರಟಾಗ. ಪ್ರಾದೇಶಿಕ ಅರಿವಳಿಕೆಯೆಂಬುದು ಇಂತಹ ತಡೆಗಟ್ಟು. ಕೈಯ ಮೂಳೆ ಮುರಿದವನಿಗೆ ಶಸ್ತ್ರಚಿಕಿತ್ಸೆ ಮಾಡುವಾಗ ಇಡೀ ಮನುಷ್ಯನನ್ನು ಪ್ರಜ್ಞೆ ತಪ್ಪಿಸಬೇಕಾಗಿಲ್ಲ. ತೋಳಿನ ನರಗಳ ಬಳಿ ಔಷಧವನ್ನು ಚುಚ್ಚಿ ಆ ತೋಳನ್ನಷ್ಟೇ ಜಡಗೊಳಿಸಬಹುದು. ನರತಂತುವಿನ ಹೊರಪೊರೆಯಲ್ಲಿ ಸೋಡಿಯಂ ಅಯಾನುಗಳು ಒಳನುಗ್ಗುವ ಸೂಕ್ಷ್ಮದ್ವಾರಗಳಿವೆ. ನೋವಿನ ಸಂದೇಶ ಮುಂದುವರಿಯುವುದು ಅವು ತೆರೆದಾಗ. ಔಷಧ ಈ ದ್ವಾರಗಳನ್ನು ಮುಚ್ಚುತ್ತದೆ. ಸಂದೇಶ ಅಲ್ಲಿಯೇ ನಿಂತುಹೋಗುತ್ತದೆ. ಉಬ್ಬಸ ಮೊದಲಾದ ಶ್ವಾಸಕೋಶದ ರೋಗವುಳ್ಳವರಿಗೆ, ಊಟವಾದ ಕೂಡಲೇ ಅಪಘಾತಕ್ಕೆ ಸಿಕ್ಕವರಿಗೆ ಇದರಿಂದ ಬಹಳ ಉಪಕಾರವುಂಟು. ಶಸ್ತ್ರಚಿಕಿತ್ಸೆ ಮುಗಿದ ಮೇಲೂ ಕೆಲವು ಗಂಟೆಗಳ ಕಾಲ ನೋವಿರುವುದಿಲ್ಲ. ಆದರೆ ಒಂದು ನಿಬಂಧನೆಯುಂಟು: ಔಷಧ ನರವನ್ನು ತೊಯ್ಯಿಸಬೇಕು. ನರವಿರುವ ಸ್ಥಳವೇ ಬೇರೆಯಾದರೆ ಔಷಧವೆಷ್ಟು ಒಳ್ಳೆಯದಾದರೂ ಪ್ರಯೋಜನವಿಲ್ಲ.

ಈ ವಿದ್ಯೆಯ ಚರಿತ್ರೆಯನ್ನು ನೋಡಿದರೆ, ಅದು ನರವಿರುವ ಸ್ಥಳವನ್ನು ಹುಡುಕುವ ಚರಿತ್ರೆಯೇ ಆಗಿದೆ. ೧೮೮೪ರಲ್ಲಿ ಕೋಲರ್ ಎಂಬ ತರುಣ ವೈದ್ಯನು ಕೊಕೇನಿನ ಹನಿಗಳಿಂದ ಕಣ್ಣನ್ನು ಜಡಗೊಳಿಸಬಹುದೆಂದು ತೋರಿಸಿದನು. ಅದಾದ ಕೆಲವೇ ತಿಂಗಳುಗಳಲ್ಲಿ ನ್ಯೂಯಾರ್ಕಿನ ಹಾಲ್‌ಸ್ಟೆಡ್ ಕತ್ತಿನ ಬುಡವನ್ನು ಕೊಯ್ದು, ತೋಳಿನ ನರಜಾಲವನ್ನು ಕಣ್ಣಿಂದ ಕಂಡು, ಅದಕ್ಕೆ ನೇರವಾಗಿ ಕೊಕೇನನ್ನು ಚುಚ್ಚಿದನು. ಕೊಯ್ಯದೆಯೇ ಚರ್ಮದ ಮೇಲಿನಿಂದ ಸೂಜಿಯನ್ನು ಇಳಿಸುವ ಉಪಾಯ ಬಂದುದು ೧೯೧೧ರಲ್ಲಿ. ಆ ವರ್ಷ ಜರ್ಮನಿಯ ಹಿರ್ಷೆಲ್ ಕಂಕುಳಿನ ಮಾರ್ಗವನ್ನೂ, ಕೂಲೆನ್‌ಕಾಂಫ್ ಕೊರಳೆಲುಬಿನ ಮೇಲಿನ ಮಾರ್ಗವನ್ನೂ ಪ್ರಕಟಿಸಿದರು. ಕೂಲೆನ್‌ಕಾಂಫ್ ಮೊದಲು ತನ್ನ ಮೇಲೆಯೇ ಪ್ರಯೋಗಮಾಡಿಕೊಂಡ ಧೀರ. ಸೂಜಿ ನರಕ್ಕೆ ತಗಲಿದಾಗ ಬೆರಳಿನ ತುದಿಯವರೆಗೆ ಜುಮ್ಮೆಂದು ಮಿಂಚು ಹರಿದಂತಾಗುವುದೇ ಆಗಿನವರಿಗೆ ಗುರುತು. ಕೊರಳೆಲುಬಿನ ಹಿಂದೆ ಶ್ವಾಸಕೋಶದ ತುದಿ ಇರುವುದರಿಂದ ಸೂಜಿ ಅದನ್ನು ಚುಚ್ಚಿ ಅಪಾಯವಾಗುವುದೂ ಇತ್ತು.

ಕಂಕುಳಿನಲ್ಲಿ ಶ್ವಾಸಕೋಶದ ಭಯವಿಲ್ಲ. ಆದರೆ ಅಲ್ಲಿ ಸ್ನಾಯುಚರ್ಮ ನರ ಕೈಗೆ ಸಿಕ್ಕುವುದಿಲ್ಲ; ಅದು ಆಗಲೇ ಗುಂಪನ್ನು ಬಿಟ್ಟು ಹೋಗಿರುತ್ತದೆ. ೧೯೬೧ರಲ್ಲಿ ಡಿ ಯಾಂಗ್ ಎಂಬ ವೈದ್ಯನು ಇದಕ್ಕೆ ಜ್ಯಾಮಿತಿಯ ಪರಿಹಾರವೊಂದನ್ನು ಸೂಚಿಸಿದನು. ನರಗಳನ್ನೂ ಅಪಧಮನಿಯನ್ನೂ ಒಳಗೊಂಡ ತೆಳುಪೊರೆಯ ಚೀಲವನ್ನು ಒಂದು ಉರುಳೆಯೆಂದು ಭಾವಿಸಿ, ಅದರ ವ್ಯಾಸ ೩ ಸೆಂಟಿಮೀಟರ್, ಉದ್ದ ೬ ಸೆಂಟಿಮೀಟರ್ ಎಂದಿಟ್ಟುಕೊಂಡರೆ, ಪ್ರೌಢಶಾಲೆಯ ಸೂತ್ರದಂತೆ ಅದರ ಘನಗಾತ್ರ ೩.೧೪ × ೧.೫ × ೧.೫ × ೬, ಅಂದರೆ ಸುಮಾರು ೪೨ ಘನ ಸೆಂಟಿಮೀಟರ್. ಅಷ್ಟು ದ್ರವವನ್ನು ತುಂಬಿದರೆ ಅದು ಸ್ನಾಯುಚರ್ಮ ನರ ಅಗಲುವ ಎತ್ತರದವರೆಗೂ ಏರಬೇಕು. ಸರಳವೂ ಸುಂದರವೂ ಆದ ಯೋಚನೆ. ಆದರೆ ದೇಹ ಉರುಳೆಯಲ್ಲ. ೧೯೮೩ರಲ್ಲಿ ಥಾಂಪ್ಸನ್ ಮತ್ತು ರೋರಿ ಎಂಬವರು ಆ ಚೀಲದೊಳಗೆ ನರಗಳನ್ನು ಬೇರ್ಪಡಿಸುವ ಪೊರೆಗಳಿವೆಯೆಂದು ತೋರಿಸಿದರು. ಆ ಪೊರೆಗಳು ಪೂರ್ತಿ ಗೋಡೆಗಳಲ್ಲ, ದ್ರವ ಅವುಗಳನ್ನು ದಾಟಬಲ್ಲದೆಂದು ಮುಂದಿನವರು ವಾದಿಸಿದರು. ಎರಡು ಪಕ್ಷಕ್ಕೂ ಆಧಾರವಿದ್ದುದನ್ನು ನೋಡಿದರೆ, ಇದೂ ತೋಳಿನಿಂದ ತೋಳಿಗೆ ಭಿನ್ನವಾಗಿರಬಹುದೆಂದು ನಮಗೆ ತೋರುತ್ತದೆ.

ನರ ಎಲ್ಲಿದ್ದರೇನು, ಔಷಧವನ್ನು ಧಾರಾಳವಾಗಿ ತುಂಬಿಬಿಟ್ಟರೆ ಎಲ್ಲವೂ ತೊಯ್ಯುತ್ತದೆಯಲ್ಲ ಎಂದು ಕೆಲವರು ಕೇಳಬಹುದು. ಇದಕ್ಕೂ ಅಂಕಿಗಳೇ ಉತ್ತರ ಹೇಳುತ್ತವೆ. ಲಿಗ್ನೊಕೇನ್ ಎಂಬ ಔಷಧದ ನೂರಕ್ಕೆ ಒಂದರ ದ್ರಾವಣದಲ್ಲಿ ಪ್ರತಿ ಮಿಲಿಲೀಟರಿಗೆ ೧೦ ಮಿಲಿಗ್ರಾಂ ಇರುತ್ತದೆ. ೪೨ ಮಿಲಿಲೀಟರಿನಲ್ಲಿ ೪೨೦ ಮಿಲಿಗ್ರಾಂ. ಅಡ್ರಿನಲಿನ್ ಬೆರೆಸಿದ ಲಿಗ್ನೊಕೇನಿಗೆ ಸಾಮಾನ್ಯವಾಗಿ ಹೇಳುವ ಮಿತಿ ದೇಹತೂಕದ ಪ್ರತಿ ಕಿಲೋಗ್ರಾಮಿಗೆ ೭ ಮಿಲಿಗ್ರಾಂ. ಐವತ್ತು ಕಿಲೋ ತೂಗುವವನಿಗೆ ಅದು ೩೫೦ ಮಿಲಿಗ್ರಾಮಿಗೆ ಮುಗಿಯುತ್ತದೆ. ನಮ್ಮ ನಾಡಿನಲ್ಲಿ ಐವತ್ತು ಕಿಲೋ ತೂಗುವವರೂ ಅದಕ್ಕಿಂತ ಕಡಿಮೆ ತೂಗುವವರೂ ವಿರಳವಲ್ಲ. ಮಿತಿಮೀರಿದ ಔಷಧ ರಕ್ತಕ್ಕೆ ಸೇರಿದರೆ ಮೊದಲು ಬಾಯಿಯ ಸುತ್ತ ಜೋಮು, ಕಿವಿಯಲ್ಲಿ ಗುಂಯ್ಗುಟ್ಟುವಿಕೆ, ಆಮೇಲೆ ಸೆಳವು, ಇನ್ನೂ ಹೆಚ್ಚಾದರೆ ಹೃದಯದ ಬಡಿತವೇ ತಪ್ಪುತ್ತದೆ. ಆದುದರಿಂದ ಅಂಗರಚನೆಯ ಅಜ್ಞಾನವನ್ನು ಔಷಧದ ಪ್ರಮಾಣದಿಂದ ತುಂಬಿಕೊಡುವ ದಾರಿ ಮುಚ್ಚಿದೆ. ನರ ಎಲ್ಲಿದೆಯೆಂದು ತಿಳಿದು, ಅಲ್ಲಿಗೆ ಬೇಕಾದಷ್ಟನ್ನು ಮಾತ್ರ ಕೊಡುವುದೊಂದೇ ಉಳಿದ ದಾರಿ.

ಇದನ್ನು ತಿಳಿಯಲು ಎರಡು ಉಪಕರಣಗಳು ವೈದ್ಯರಿಗೆ ಸಹಾಯ ಮಾಡಿವೆ. ಮೊದಲನೆಯದು ಸೂಜಿಯ ತುದಿಯಿಂದ ಅಲ್ಪ ವಿದ್ಯುತ್ತನ್ನು ಹಾಯಿಸಿ ಸ್ನಾಯುವಿನ ಮಿಡಿತವನ್ನು ನೋಡುವ ಯಂತ್ರ. ಪೆರ್ತೆಸ್ ಎಂಬ ಜರ್ಮನ್ ಶಸ್ತ್ರವೈದ್ಯ ೧೯೧೨ರಲ್ಲಿ ಇದನ್ನು ಬಳಸಿದನು. ೧೯೬೨ರಲ್ಲಿ ಕೈಯಲ್ಲಿ ಹಿಡಿಯುವಷ್ಟು ಚಿಕ್ಕ ಯಂತ್ರ ಬಂದ ಮೇಲೆ ಅದು ಹೆಚ್ಚಾಗಿ ಬಳಕೆಗೆ ಬಂದಿತು. ಮೊಣಕೈ ಮಡಿಸಿದರೆ ಸ್ನಾಯುಚರ್ಮ ನರ, ಬೆರಳು ಮಡಿಸಿದರೆ ಮೀಡಿಯನ್ ನರ ಎಂಬಂತೆ ಇದರ ನಿಯಮ. ಆದರೆ ಸ್ನಾಯುಚರ್ಮ ನರದ ತಂತುಗಳು ಮೀಡಿಯನ್ ನರದಲ್ಲಿಯೇ ಹರಿಯುತ್ತಿರುವವನಲ್ಲಿ, ಮೀಡಿಯನ್ ನರವನ್ನು ಮುಟ್ಟಿದರೂ ಮೊಣಕೈ ಮಡಿಸುತ್ತದೆ. ಪುಸ್ತಕವನ್ನಷ್ಟೇ ಓದಿದವನು ತನ್ನ ಸೂಜಿ ತಪ್ಪು ಸ್ಥಳದಲ್ಲಿದೆಯೆಂದು ಭಾವಿಸಿ ಅದನ್ನು ಸರಿಸಿಬಿಡುತ್ತಾನೆ. ವ್ಯತ್ಯಾಸಗಳನ್ನು ಅರಿತವನು ಒಂದು ಕ್ಷಣ ನಿಂತು ಯೋಚಿಸುತ್ತಾನೆ.

ಎರಡನೆಯದು ಅಲ್ಟ್ರಾಸೌಂಡ್, ಅಂದರೆ ಕಿವಿಗೆ ಕೇಳಿಸದ ಶಬ್ದತರಂಗಗಳ ಪ್ರತಿಧ್ವನಿಯಿಂದ ಒಳಗಿನ ಚಿತ್ರವನ್ನು ತೆರೆಯ ಮೇಲೆ ಮೂಡಿಸುವ ಯಂತ್ರ. ೧೯೯೪ರಲ್ಲಿ ವಿಯೆನ್ನಾದ ಕಪ್ರಾಲ್ ಮತ್ತು ಸಂಗಡಿಗರು ಕೊರಳೆಲುಬಿನ ಮೇಲಿನ ಚುಚ್ಚುಮದ್ದಿಗೆ ಇದನ್ನು ಬಳಸಿದ ವರದಿಯನ್ನು ಪ್ರಕಟಿಸಿದ ಮೇಲೆ ಈ ವಿದ್ಯೆಯ ಸ್ವರೂಪವೇ ಬದಲಾಗಿದೆ. ಕಡಿಮೆ ಔಷಧದಿಂದ ಹೆಚ್ಚು ಖಚಿತವಾದ ಫಲ ದೊರೆಯುವಂತಾಗಿದೆ. ಇದನ್ನು ನಾವು ಸಂತೋಷದಿಂದ ಒಪ್ಪುತ್ತೇವೆ. ಆದರೆ "ಇನ್ನು ಮೇಲೆ ನರವನ್ನು ಕಣ್ಣಿಂದಲೇ ಕಾಣಬಹುದು, ಅಂಗರಚನೆಯನ್ನು ಇಷ್ಟು ವಿಸ್ತಾರವಾಗಿ ಕಲಿಯುವ ಶ್ರಮವೇಕೆ?" ಎಂಬ ಮಾತನ್ನು ಒಪ್ಪಲಾರೆವು. ತೆರೆಯ ಮೇಲೆ ಕಾಣುವುದು ಹೆಸರು ಬರೆದ ಹಳದಿಯ ನರವಲ್ಲ. ಕಪ್ಪು ಬಿಳುಪಿನ ಮಬ್ಬಿನಲ್ಲಿ ಕೆಲವು ದುಂಡು ಚುಕ್ಕೆಗಳು. ಅವುಗಳಲ್ಲಿ ನರವಾವುದು, ರಜ್ಜುವಾವುದು, ಸಣ್ಣ ಸಿರೆಯಾವುದೆಂದು ನಿರ್ಣಯಿಸುವುದು ನೋಡುವವನ ತಿಳಿವಳಿಕೆ. ೨೦೦೧ರಲ್ಲಿ ವಿಯೆನ್ನಾದ ವೈದ್ಯರು ೬೯ ಮಂದಿ ಸ್ವಯಂಸೇವಕರ ಕಂಕುಳನ್ನು ಈ ಯಂತ್ರದಿಂದ ಪರೀಕ್ಷಿಸಿದಾಗ, ಅಪಧಮನಿಯ ಸುತ್ತ ನರಗಳ ಸ್ಥಾನ ವ್ಯಕ್ತಿಯಿಂದ ವ್ಯಕ್ತಿಗೆ ಬಹಳ ಭಿನ್ನವಾಗಿರುವುದೂ, ಮೆಲ್ಲನೆ ಒತ್ತಿದರೆ ಒಬ್ಬನಲ್ಲಿಯೇ ಅವು ಸರಿದಾಡುವುದೂ ಕಂಡುಬಂದಿತು. ಯಂತ್ರ ವ್ಯತ್ಯಾಸವನ್ನು ಅಳಿಸಲಿಲ್ಲ. ಅದು ಎಷ್ಟು ವ್ಯಾಪಕವೆಂಬುದನ್ನು ತೋರಿಸಿತು. ಇಲ್ಲದ ಸ್ನಾಯುಚರ್ಮ ನರವನ್ನು ತೆರೆಯ ಮೇಲೆ ಹುಡುಕುತ್ತ ಸೂಜಿಯನ್ನು ಆಡಿಸುವವನನ್ನು ಆ ದಾರಿಯಿಂದ ಹಿಂದಕ್ಕೆ ಕರೆಯುವುದು, ಅದು ಕೆಲವರಲ್ಲಿ ಇರುವುದೇ ಇಲ್ಲವೆಂಬ ಜ್ಞಾನವೇ ಹೊರತು ಯಂತ್ರವಲ್ಲ. ಯಂತ್ರವಿಲ್ಲದ ಚಿಕ್ಕ ಊರಿನ ಆಸ್ಪತ್ರೆಯಲ್ಲಿ ಈ ಜ್ಞಾನದ ಬೆಲೆ ಇನ್ನೂ ಹೆಚ್ಚು.

ಈಗ ರೋಗಿಯ ಕಡೆಗೆ ತಿರುಗೋಣ. ಚುಚ್ಚುಮದ್ದು ಕೊಟ್ಟಾಯಿತು, ಅರ್ಧ ಗಂಟೆಯಾಯಿತು, ಬೆರಳುಗಳು ಜಡವಾಗಿವೆ. ಶಸ್ತ್ರವೈದ್ಯನು ಮುಂದೋಳಿನ ಹೊರಮಗ್ಗುಲಿಗೆ ಕತ್ತಿಯನ್ನು ತಾಗಿಸಿದಾಗ ರೋಗಿ "ಅಯ್ಯೋ" ಎನ್ನುತ್ತಾನೆ. ಅಥವಾ ರಕ್ತವನ್ನು ತಡೆಯಲು ರಟ್ಟೆಗೆ ಬಿಗಿದ ಪಟ್ಟಿಯ ಕೆಳಗೆ ಒಳಮಗ್ಗುಲಿನಲ್ಲಿ ನೋಯುತ್ತಿದೆಯೆನ್ನುತ್ತಾನೆ. ಇಂತಹ ಸಮಯದಲ್ಲಿ "ಹೆದರಿಕೊಂಡಿದ್ದಾನೆ, ಮುಟ್ಟಿದ್ದನ್ನೇ ನೋವೆನ್ನುತ್ತಾನೆ" ಎಂಬ ಮಾತು ಸುಲಭವಾಗಿ ಬಾಯಿಗೆ ಬರುತ್ತದೆ. ಹೆದರಿಕೆಯಿಂದ ನೋವು ಹೆಚ್ಚುವುದು ನಿಜ. ಆದರೆ ಹೊರಮಗ್ಗುಲಿನ ನೋವು ಸ್ನಾಯುಚರ್ಮ ನರ ತಪ್ಪಿಸಿಕೊಂಡಿರುವುದರ ಸೂಚನೆಯಾಗಿರಬಹುದು. ರಟ್ಟೆಯ ಒಳಮಗ್ಗುಲಿಗೆ ಎದೆಯ ಎರಡನೆಯ ನರದಿಂದ ಬರುವ ಕವಲೊಂದು ಸಾಮಾನ್ಯವಾಗಿ ನರಜಾಲಕ್ಕೆ ಸೇರಿದುದೇ ಅಲ್ಲ. ಜಾಲವನ್ನು ಎಷ್ಟು ಚೆನ್ನಾಗಿ ತೊಯ್ಯಿಸಿದರೂ ಅದು ಎಚ್ಚರವಾಗಿಯೇ ಇರುತ್ತದೆ, ಅದರ ವ್ಯಾಪ್ತಿಯೂ ಎಲ್ಲರಲ್ಲಿ ಒಂದೇ ಅಲ್ಲ. ಪುಸ್ತಕ ಒಂದು ಮಾತನ್ನೂ ರೋಗಿ ಇನ್ನೊಂದು ಮಾತನ್ನೂ ಹೇಳಿದಾಗ, ಆ ತೋಳಿನ ವಿಷಯದಲ್ಲಿ ಹೆಚ್ಚು ಬಲ್ಲವನು ರೋಗಿ. ಅವನ ಮಾತನ್ನು ಮೊದಲು ನಂಬಿ, ಆಮೇಲೆ ಕಾರಣವನ್ನು ಹುಡುಕುವುದೇ ನ್ಯಾಯ. ಅದೇ ವಿಜ್ಞಾನವೂ ಹೌದು. ನಮ್ಮ ಸಿದ್ಧಾಂತಕ್ಕೆ ಒಪ್ಪದ ವೀಕ್ಷಣೆಯನ್ನು ತಳ್ಳಿಹಾಕದೆ ಪರಿಶೀಲಿಸಬೇಕೆಂದು ಪ್ರಯೋಗಶಾಲೆಯಲ್ಲಿ ಕಲಿಯುತ್ತೇವೆ. ಮೇಜಿನ ಮೇಲೆ ಮಲಗಿದ ಮನುಷ್ಯನ ನರಳುವಿಕೆಯೂ ಒಂದು ವೀಕ್ಷಣೆಯೇ.

ಇದಕ್ಕಾಗಿ ಶಿಕ್ಷಣದಲ್ಲಿ ಏನು ಬದಲಾಗಬೇಕು? ಮೊದಲನೆಯದಾಗಿ ಮಾತು ಬದಲಾಗಬೇಕು. ಇಂತಹ ರಚನೆಗಳನ್ನು ವಿಕೃತಿ, ಅಸಹಜತೆ ಎಂದು ಕರೆಯುವ ರೂಢಿ ಇನ್ನೂ ಇದೆ. ಐವರಲ್ಲಿ ಒಬ್ಬರಿಗಿರುವುದನ್ನೂ, ಯಾವ ತೊಂದರೆಯನ್ನೂ ಕೊಡದಿರುವುದನ್ನೂ ಅಸಹಜವೆನ್ನುವುದು ನಿಸರ್ಗಕ್ಕೆ ನಮ್ಮ ಪುಸ್ತಕದಂತೆ ನಡೆಯೆಂದು ಅಪ್ಪಣೆ ಮಾಡಿದಂತೆ. ವ್ಯತ್ಯಾಸವೆಂಬ ಮಾತೇ ಸಾಕು. ಎರಡನೆಯದಾಗಿ, ಮೊದಲ ದಿನವೇ ವಿದ್ಯಾರ್ಥಿಗೆ "ಇದು ಹೆಚ್ಚಾಗಿ ಕಾಣುವ ರೂಪ, ಒಂದೇ ರೂಪವಲ್ಲ" ಎಂದು ಹೇಳಬೇಕು. ಎಲ್ಲ ವ್ಯತ್ಯಾಸಗಳನ್ನೂ ಕಲಿಸಹೊರಟರೆ ವಿದ್ಯಾರ್ಥಿಗೆ ಗೊಂದಲವಾಗುವುದಿಲ್ಲವೆ ಎಂಬ ಆಕ್ಷೇಪಣೆ ಅರ್ಥವಿಲ್ಲದ್ದಲ್ಲ. ವ್ಯಾಕರಣದ ನಿಯಮವನ್ನು ಕಲಿಯದವನಿಗೆ ಅಪವಾದಗಳು ದಕ್ಕುವುದಿಲ್ಲ. ಆದರೆ ಅಪವಾದಗಳಿವೆಯೆಂಬ ಎಚ್ಚರಿಕೆಯನ್ನೇ ಕೊಡದೆ ನಿಯಮವನ್ನು ಕಲಿಸುವ ಉಪಾಧ್ಯಾಯರನ್ನು ಯಾರೂ ಮೆಚ್ಚುವುದಿಲ್ಲ. ೨೦೧೯ರಲ್ಲಿ ನಮ್ಮ ದೇಶದಲ್ಲಿ ಜಾರಿಗೆ ಬಂದ ವೈದ್ಯಕೀಯ ಪಠ್ಯಕ್ರಮ, ತೋಳಿನ ನರಜಾಲದ ರಚನೆಯಲ್ಲಿನ ವ್ಯತ್ಯಾಸಗಳನ್ನು ವಿದ್ಯಾರ್ಥಿ ವಿವರಿಸಬಲ್ಲವನಾಗಬೇಕೆಂದು ಹೇಳಿರುವುದು ಸಂತೋಷದ ವಿಷಯ. ಆದರೆ ಅದು ಪರೀಕ್ಷೆಗೆ ಬರೆಯುವ ಒಂದು ಟಿಪ್ಪಣಿಯಾಗಿ ಉಳಿಯಬಾರದು. ಶವಚ್ಛೇದನದ ಮೇಜಿನ ಮೇಲೆ ಕಣ್ಣಾರೆ ಕಾಣುವಂತಾಗಬೇಕು.

ಅದಕ್ಕೆ ಕಾಲಾವಕಾಶ ಬೇಕು. ೧೯೯೭ರ ನಿಯಮಾವಳಿ ಅಂಗರಚನೆ ಮೊದಲಾದ ಮೂಲವಿಷಯಗಳ ಅವಧಿಯನ್ನು ಹದಿನೆಂಟು ತಿಂಗಳಿಂದ ಹನ್ನೆರಡಕ್ಕೆ ಇಳಿಸಿತು. ಒಂದು ತೋಳನ್ನು ನಿಧಾನವಾಗಿ ಬಿಡಿಸಿ ನೋಡಿದವನು ಅದನ್ನು ಪಕ್ಕದ ಮೇಜಿನ ತೋಳಿನೊಡನೆ ಹೋಲಿಸಿದಾಗ ಮಾತ್ರ ವ್ಯತ್ಯಾಸದ ಅರಿವು ಹುಟ್ಟುತ್ತದೆ. ಆತುರದಲ್ಲಿ ಅದು ಸಾಧ್ಯವಿಲ್ಲ. ಕಂಡುದನ್ನು ಬರೆದಿಡುವ ಅಭ್ಯಾಸವೂ ಬೇಕು. ಈ ವಿಷಯದಲ್ಲಿ ನಮ್ಮ ನಾಡು ಹಿಂದೆ ಬಿದ್ದಿಲ್ಲವೆಂದು ಹೇಳಲು ಹೆಮ್ಮೆಯಾಗುತ್ತದೆ. ಮಣಿಪಾಲ, ಮಂಗಳೂರುಗಳ ವೈದ್ಯಕೀಯ ಕಾಲೇಜುಗಳ ಅಂಗರಚನಾ ವಿಭಾಗಗಳಿಂದ ಮೀಡಿಯನ್ ಮತ್ತು ಸ್ನಾಯುಚರ್ಮ ನರಗಳ ವ್ಯತ್ಯಾಸಗಳ ಬಗ್ಗೆ ಅನೇಕ ವರದಿಗಳು ಪ್ರಕಟವಾಗಿವೆ. ಒಂದೇ ಶವದಲ್ಲಿ ಕಂಡ ಒಂದೇ ವಿಶೇಷದ ವರದಿಯನ್ನು ಅಂಚೆಚೀಟಿ ಕೂಡಿಹಾಕುವ ಹವ್ಯಾಸಕ್ಕೆ ಹೋಲಿಸಿ ನಗುವವರಿದ್ದಾರೆ. ಮುಂದೊಂದು ದಿನ ಯಾವುದೋ ಆಸ್ಪತ್ರೆಯಲ್ಲಿ ತೆರೆಯ ಮೇಲಿನ ಚಿತ್ರ ಅರ್ಥವಾಗದೆ ಸೂಜಿ ಹಿಡಿದು ನಿಂತ ವೈದ್ಯನಿಗೆ ಆ ಒಂದು ವರದಿಯೇ ಉತ್ತರವಾಗಬಹುದೆಂಬುದನ್ನು ಅವರು ಮರೆಯುತ್ತಾರೆ.

ಈ ಎಲ್ಲ ಜ್ಞಾನವೂ ಕೊನೆಗೆ ಒಂ​ದು ದಾನದ ಮೇಲೆ ನಿಂತಿದೆ. ವಾರಸುದಾರರಿಲ್ಲದ ಶವಗಳನ್ನು ವೈದ್ಯಶಿಕ್ಷಣಕ್ಕೆ ಒದಗಿಸಲು ನಮ್ಮ ರಾಜ್ಯದಲ್ಲಿ ೧೯೫೭ರಿಂದ ಕಾಯಿದೆಯುಂಟು. ಸ್ವಂತ ಇಚ್ಛೆಯಿಂದ ದೇಹವನ್ನು ಬರೆದುಕೊಡುವವರೂ ಇದ್ದಾರೆ. ಹಾಗೆ ಬಂದ ಪ್ರತಿಯೊಂದು ದೇಹವೂ ಪುಸ್ತಕದಲ್ಲಿಲ್ಲದ ಒಂದು ಪುಟ. ಅದನ್ನು ಅವಸರದಲ್ಲಿ ಮಗುಚಿಹಾಕುವುದು ಕೊಟ್ಟವರಿಗೆ ಮಾಡುವ ಅಗೌರವ.

ನಮ್ಮ ವಾಚಕರಲ್ಲಿ ಕೆಲವರು ಮುಂದೆ ವೈದ್ಯರಾಗುವರು, ಬಹು ಮಂದಿ ಆಗಲಾರರು. ಇಬ್ಬರಿಗೂ ಹೇಳಬೇಕಾದ ಮಾತುಂಟು. ವೈದ್ಯರಾಗುವವರು ಚಿತ್ರವನ್ನು ಚೆನ್ನಾಗಿ ಕಲಿಯಲಿ. ಆದರೆ ತಮ್ಮ ಕೈಗೆ ಬಂದ ತೋಳು ಆ ಚಿತ್ರದಂತೆ ಇರಲೇಬೇಕೆಂಬ ಹಟವನ್ನು ಬಿಡಲಿ. ರೋಗಿಯಾಗಿ ಹೋಗುವವರು, ಅರಿವಳಿಕೆ ಕೊಟ್ಟ ಮೇಲೂ ನೋವಾದರೆ ಸಂಕೋಚಪಡದೆ, ಎಲ್ಲಿ ಎಂಬುದನ್ನು ಸರಿಯಾಗಿ ತೋರಿಸಿ ಹೇಳಲಿ. ಹಿಂದೊಮ್ಮೆ ಚುಚ್ಚುಮದ್ದು ಫಲಿಸದೆ ಹೋಗಿದ್ದರೆ ಅದನ್ನೂ ಮುಂಚಿತವಾಗಿ ತಿಳಿಸಲಿ. ಅದು ದೂರಲ್ಲ, ವೈದ್ಯನಿಗೆ ಬೇಕಾದ ಮಾಹಿತಿ.